ಬಿಟ್ಟದ್ದೋ, ಬಿಟ್ಟುಹೋದದ್ದೋ?

ಮೊನ್ನೆ ಭಾನುವಾರ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಎಂಟನೇ ತರಗತಿ ಓದುತ್ತಿರುವ ಮೊಮ್ಮಗಳು ಇಂಗ್ಲಿಷ್ ವ್ಯಾಕರಣದ ಗೈಡು ಹಿಡಿದುಕೊಂಡು ಪಕ್ಕಕ್ಕೆ ಬಂದಳು. “ಅಜ್ಜಿ, ‘ಗಿವ್ ಅಪ್’ ಅನ್ನೋದನ್ನ ಬಳಸಿ ವಾಕ್ಯ ಬರೀಬೇಕಿತ್ತು. ಬರೆದಿದ್ದೀನಿ, ಸರಿ ಇದೆಯಾ ನೋಡು” ಎಂದಳು. ನೋಡಿದೆ. ನನ್ನ ಅಜ್ಜಿ ಮದುವೆಯಾದ ಮೇಲೆ ವೀಣೆಯನ್ನು ‘ಗಿವ್ ಅಪ್’ ಮಾಡಿದರು ಎಂದು ಬರೆದಿದ್ದಳು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ನನಗೆ ‘ಸರಿ’ ಎನ್ನಲು ಬಾಯಿ ಬರಲಿಲ್ಲ.

ಗೈಡನ್ನು ಇಸಿದುಕೊಂಡು ಕನ್ನಡಕ ಏರಿಸಿದೆ. ಸಮಾನಾರ್ಥಕ ಪದಗಳ ಸಾಲೇ ಇತ್ತು: ಸರೆಂಡರ್, ಅಬಾಂಡನ್, ಕ್ವಿಟ್, ಸ್ಯಾಕ್ರಿಫೈಸ್. ಎದುರಿಗೆ ಕನ್ನಡದಲ್ಲಿ ಒಂದೇ ಮಾತು, ‘ಬಿಟ್ಟುಬಿಡು’. ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಮೇಲೆ ‘ಒಗ್ಗರಣೆ ಸಾಮಾನು’ ಎಂದು ಚೀಟಿ ಅಂಟಿಸಿದ ಹಾಗೆ!

ಇಂಗ್ಲಿಷಿನ ಈ ಜೋಡಿಪದಗಳು ಪಾಪ, ಆ ಭಾಷೆಯವರನ್ನೇ ಕಾಡಿವೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಪರದೇಶದವರಿಗೆ ಇವು ಬಹಳ ಕಷ್ಟ ಎಂದು ಒಪ್ಪಿಕೊಂಡಿದ್ದಾನೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಹತ್ತಿದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬಾತ 1925ರಲ್ಲಿ ಬರೆದ ಪುಸ್ತಕದಿಂದ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡೂ ಸೇರಿದರೆ ಕೊಡುವುದೂ ಹೋಯಿತು, ಮೇಲೂ ಹೋಯಿತು! ಆದರೆ ನಾವು ನಗುವ ಹಾಗಿಲ್ಲ. ತಿಂದುಬಿಡು, ಮುಗಿಸಿಬಿಡು ಎನ್ನುವಾಗ ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಅವರ ‘ಅಪ್’ ಎಷ್ಟೋ ಕಡೆ ಮಾಡುತ್ತದೆ.

ಈಗ ಒಂದೊಂದಾಗಿ ನೋಡಿ. ಯಜಮಾನರು ಸಿಗರೇಟು ಬಿಟ್ಟರೆ ‘ಗಿವ್ ಅಪ್’. ಕಳ್ಳ ಪೊಲೀಸರಿಗೆ ಶರಣಾದರೂ ಅದೇ. ವೈದ್ಯರು ಕೈಚೆಲ್ಲಿದರೂ ಅದೇ. ಒಗಟು ಬಿಡಿಸಲಾಗದ ಹುಡುಗಿ ‘ಸೋತೆ’ ಎಂದರೂ ಅದೇ. 1936ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್ ಮೆಚ್ಚಿದ ಹೆಂಗಸಿಗಾಗಿ ಸಿಂಹಾಸನ ತೊರೆದದ್ದಕ್ಕೂ ಅದೇ. ಬಸ್ಸಿನಲ್ಲಿ ಬಸುರಿಗೆ ಸೀಟು ಬಿಟ್ಟುಕೊಟ್ಟರೂ ಅದೇ. ನಾವು ಕನ್ನಡದಲ್ಲಿ ಆರು ಕಡೆ ಆರು ಮಾತಾಡುತ್ತೇವೆ.

ಬಸ್ಸಿನ ಸೀಟು ಎಂದಾಗ ರೋಸಾ ಪಾರ್ಕ್ಸ್ ನೆನಪಾಗುತ್ತಾಳೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿ ಊರಿನಲ್ಲಿ ಈ ಕಪ್ಪು ಹೆಂಗಸು ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಬಿಳಿಯನೊಬ್ಬನಿಗಾಗಿ ಏಳು ಎಂದು ಡ್ರೈವರ್ ಹೇಳಿದ. ಏಳಲಿಲ್ಲ. ಬಂಧನವಾಯಿತು. ಆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಪಾಪ, ದುಡಿದು ದಣಿದಿದ್ದಳು, ಅದಕ್ಕೇ ಏಳಲಿಲ್ಲ ಎಂದು ಎಷ್ಟೋ ಜನ ಮರುಕಪಟ್ಟರು. 1992ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಅವಳು ಅದನ್ನು ತಳ್ಳಿಹಾಕಿದ್ದಾಳೆ. ಅಂದು ತನಗಿದ್ದ ಆಯಾಸ ಮೈಯದ್ದಾಗಿರಲಿಲ್ಲ, ಮಣಿದು ಮಣಿದು ಬಂದ ಆಯಾಸ ಎನ್ನುವುದು ಅವಳ ಮಾತಿನ ಸಾರ. ಆಕೆ ಅಲ್ಲಿ ಹೇಳುವುದು ‘ಗಿವ್ ಇನ್’, ಅಂದರೆ ಮಣಿಯುವುದು. ಸೀಟು ‘ಗಿವ್ ಅಪ್’ ಮಾಡುವ ಮೊದಲೇ ಮನಸ್ಸು ‘ಗಿವ್ ಇನ್’ ಆಗಿರುತ್ತದೆ. ಈ ಎರಡರ ಅಂತರವನ್ನು ಯಾವ ಗೈಡೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ನಮ್ಮ ಅಡುಗೆಮನೆಗೂ ಈ ಮಾತು ಬಂದಿತ್ತು. ಅನುಕೂಲವಿದ್ದವರು ಗ್ಯಾಸಿನ ಸಬ್ಸಿಡಿ ಬಿಟ್ಟುಕೊಡಿ ಎಂದು 2015ರಲ್ಲಿ ಕೇಂದ್ರ ಸರ್ಕಾರ ‘ಗಿವ್ ಇಟ್ ಅಪ್’ ಎಂದು ಕೇಳಿತಲ್ಲ. ಒಂದು ಕೋಟಿಗೂ ಹೆಚ್ಚು ಮನೆಯವರು ಬಿಟ್ಟುಕೊಟ್ಟರು. ಅಲ್ಲಿ ಕನ್ನಡದ ಮಾತು ಸರಿಯಾಗಿ ಕೂತಿತ್ತು. ಬಿಟ್ಟುಕೊಡುವುದು ಎಂದ ಮೇಲೆ ಕೊಡುವವಳ ಕೈಯಲ್ಲಿ ಏನಾದರೂ ಇರಬೇಕು, ಪಡೆಯುವವರು ಇರಬೇಕು, ಮುಖ್ಯವಾಗಿ ‘ಕೊಡುತ್ತೀಯಾ?’ ಎಂದು ಯಾರಾದರೂ ಕೇಳಬೇಕು.

ವೀಣೆಯ ವಿಷಯದಲ್ಲಿ ನನ್ನನ್ನು ಯಾರು ಕೇಳಿದ್ದರು?

ನಮ್ಮ ಕನ್ನಡದ ಹೆಚ್ಚುಗಾರಿಕೆ ಇಲ್ಲಿದೆ. ಬಿಟ್ಟೆ ಎಂದರೆ ನಾನೇ ಬಿಟ್ಟದ್ದು. ಬಿಟ್ಟುಕೊಟ್ಟೆ ಎಂದರೆ ಇನ್ನೊಬ್ಬರಿಗಾಗಿ. ಬಿಡಿಸಿದರು ಎಂದರೆ ಮಾಡಿದವರು ಬೇರೆ. ಬಿಟ್ಟುಹೋಯಿತು ಎಂದರೆ ಯಾರೂ ಏನೂ ಮಾಡಲಿಲ್ಲ, ತಾನಾಗಿ ಹೋಯಿತು! ಇಂಗ್ಲಿಷಿನ ಆ ಒಂದು ಮಾತು ಈ ನಾಲ್ಕನ್ನೂ ನುಂಗಿಕೊಂಡು ಸುಮ್ಮನಿರುತ್ತದೆ. ಗೈಡಿನ ಮೇಲೆ ನನ್ನ ತಕರಾರು ಇದೇ. ಅರ್ಥಗಳನ್ನು ಪಟ್ಟಿ ಮಾಡಿದರೆ ಸಾಲದು, ಯಾರು, ಯಾರಿಗಾಗಿ, ಯಾರ ಮಾತಿಗೆ ಎನ್ನುವುದನ್ನು ಮಕ್ಕಳಿಗೆ ಕೇಳಲು ಕಲಿಸಬೇಕು.

ಅಷ್ಟರಲ್ಲಿ ಪೇಪರಿನ ಹಿಂದಿನಿಂದ ನಮ್ಮವರು, “ಬಿಟ್ಟಿದ್ದಲ್ಲ ಮಗು, ಅದು ನಿಮ್ಮಜ್ಜಿ ಈ ಮನೆಗೋಸ್ಕರ ಮಾಡಿದ ತ್ಯಾಗ” ಎಂದರು. ಪ್ರೀತಿಯಿಂದಲೇ ಅಂದರು. ಆದರೆ ಈ ತ್ಯಾಗ ಎನ್ನುವ ಮಾತು ನನಗೆ ಭಯ. ಕೊರಳಿಗೆ ಹಾರ ಹಾಕಿಸಿಕೊಂಡ ಮೇಲೆ ದೂರು ಹೇಳುವುದು ಹೇಗೆ? ನಮ್ಮ ಭಾಷೆಗೂ ಬಚ್ಚಿಡುವ ವಿದ್ಯೆ ಗೊತ್ತು. ಇಂಗ್ಲಿಷನ್ನು ಮಾತ್ರ ಬೈದು ಫಲವಿಲ್ಲ.

ನಿಜ ಹೇಳುತ್ತೇನೆ. 1979ರಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ, ವೀಣೆಯ ಜೊತೆಗೇ ಈ ಮನೆ ತುಂಬಿದವಳು ನಾನು. ಮಾವನವರಿಗೆ ರಕ್ತದೊತ್ತಡ, ಸದ್ದಾಗಬಾರದು. “ಸ್ವಲ್ಪ ದಿನ ಬಿಡಮ್ಮ” ಎಂದರು ಅತ್ತೆ. ಗದರಲಿಲ್ಲ, ಬೈಯಲಿಲ್ಲ. ಅದು ಬಿಡಿಸಿದ್ದು. ಆಮೇಲೆ ಬಾಣಂತನ, ಮಕ್ಕಳ ಪರೀಕ್ಷೆ, ನೆಂಟರು, ಹಬ್ಬ. ಬೆರಳಿನ ತುದಿಯ ಗಟ್ಟಿ ಚರ್ಮ ಮೆತ್ತಗಾದದ್ದು ನನಗೇ ಗೊತ್ತಾಗಲಿಲ್ಲ. ಅದು ಬಿಟ್ಟುಹೋದದ್ದು. ಮಕ್ಕಳು ಗೂಡು ಬಿಟ್ಟು ಹಾರಿ, ಇವರೂ 2012ರಲ್ಲಿ ನಿವೃತ್ತರಾದ ಮೇಲೆ ಮಧ್ಯಾಹ್ನಗಳೆಲ್ಲ ನನ್ನವೇ ಆದವು. ಆಗಲೂ ಗವಸು ಬಿಚ್ಚಲಿಲ್ಲ. ಈ ವಯಸ್ಸಿನಲ್ಲಿ ಯಾರು ಕೇಳಬೇಕು ಎಂದುಕೊಂಡೆ. ಅದು ಮಾತ್ರ ಬಿಟ್ಟದ್ದು, ನಾನೇ ಬಿಟ್ಟದ್ದು. ಆದರೆ ಇಷ್ಟು ವರ್ಷ ಯಾರು ಕೇಳಿದರೂ, “ಹಾಗೇ ಬಿಟ್ಟುಹೋಯ್ತು ಕಣ್ರೀ” ಎಂದೇ ಹೇಳುತ್ತ ಬಂದೆ. ಅದರಲ್ಲಿ ಅತ್ತೆಯೂ ಬಚಾವು, ನಾನೂ ಬಚಾವು.

“ಹಾಗಾದರೆ ವಾಕ್ಯ ಅಳಿಸಲಾ ಅಜ್ಜಿ?” ಎಂದಳು ಮೊಮ್ಮಗಳು. “ಬೇಡ, ಇರಲಿ. ಮಿಸ್ ಸರಿ ಅಂತಾರೆ. ನೀನು ಮಾತ್ರ ಅಷ್ಟಕ್ಕೇ ನಂಬಬೇಡ” ಎಂದೆ.

ಸಂಜೆ ಅವಳ ಕೈಯಲ್ಲೇ ಅಟ್ಟದಿಂದ ವೀಣೆ ಇಳಿಸಿದೆ. ತಂತಿ ತುಕ್ಕು ಹಿಡಿದಿದೆ, ಮೇಣ ಒಣಗಿ ಬಿರುಕು ಬಿಟ್ಟಿದೆ. ನೋಡಿ, ಅಲ್ಲೂ ಬಂತು ‘ಬಿಡು’! ಗಿಡ ಮೊಗ್ಗು ಬಿಟ್ಟಿತು ಎನ್ನುವಾಗಲೂ ಅದೇ ಮಾತು ತಾನೇ? ರಿಪೇರಿಯವರು ಹದಿನೈದು ದಿನ ಆಗುತ್ತೆ ಅಂದಿದ್ದಾರೆ.

ನಿಮ್ಮ ಅಟ್ಟದ ಮೇಲೂ ಏನೋ ಒಂದು ಇರಬಹುದು. ಹೊಲಿಗೆ ಯಂತ್ರವೋ, ಅರ್ಧಕ್ಕೆ ನಿಂತ ಬಿ.ಎ. ಪುಸ್ತಕಗಳೋ. ಇನ್ನೊಮ್ಮೆ ಯಾರಾದರೂ ವಿಚಾರಿಸಿದರೆ, ಉತ್ತರ ಹೇಳುವ ಮೊದಲು ಕ್ರಿಯಾಪದವನ್ನು ಸ್ವಲ್ಪ ನೋಡಿಕೊಳ್ಳಿ.