ತಾಯಿಯೇ ಹಡಗು ಹತ್ತಿದರೆ

ಕ್ರೂಸ್ ಬುಕ್ ಮಾಡಿದೀನಿ ಅಂತ ಆಫೀಸಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಪಕ್ಕದ ಟೀಮಿನ ಗೆಳೆಯನೊಬ್ಬ ಒಂದು ಪ್ರಬಂಧ ಕಳಿಸಿ, "ಹತ್ತೋ ಮುಂಚೆ ಇದನ್ನ ಓದು" ಅಂದ. ಓದಿದೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಕೊನೆಗೆ ಬರೋ ಹೊತ್ತಿಗೆ ಯಾಕೋ ನಗು ನಿಂತು, ಈ ಹಡಗಿನ ಸಹವಾಸವೇ ಬೇಡ ಅನ್ನಿಸಿತು. ಅಷ್ಟರಲ್ಲಿ ದುಡ್ಡು ಕಟ್ಟಿ ಆಗಿತ್ತು. ಅಪ್ಪ, ಅವ್ವ ಮದ್ದೂರಿನ ಹತ್ತಿರದ ನಮ್ಮೂರಿಂದ ಡಾಲಸ್‌ಗೆ ಬಂದು ಇಳಿದೂ ಆಗಿತ್ತು. ಹಾಗಾಗಿ ಆ ಪ್ರಬಂಧವನ್ನೂ ಫೋನಿನಲ್ಲಿ ಇಟ್ಟುಕೊಂಡೇ ಹಡಗು ಹತ್ತಿದೆ. ಇದು ಆ ಪ್ರಬಂಧದ ವಿಮರ್ಶೆ. ಪ್ರವಾಸಕಥನ ಅಂದುಕೊಂಡು ಓದಿದರೂ ನನ್ನ ತಕರಾರಿಲ್ಲ.

ಬರೆದವನು ಡೇವಿಡ್ ಫಾಸ್ಟರ್ ವ್ಯಾಲೇಸ್, ಅಮೆರಿಕದ ಕಾದಂಬರಿಕಾರ. 1995ರ ಮಾರ್ಚ್‌ನಲ್ಲಿ ಹಾರ್ಪರ್ಸ್ ಪತ್ರಿಕೆ ಅವನನ್ನ ಖರ್ಚು ಕೊಟ್ಟು ಏಳು ರಾತ್ರಿಯ ಕೆರಿಬಿಯನ್ ಕ್ರೂಸ್‌ಗೆ ಕಳಿಸಿತು. ಹಡಗಿನ ಹೆಸರು ಜೆನಿತ್, ಅಂದರೆ ತುತ್ತತುದಿ. ಅವನು ಬರೆಯುವಾಗ ಅದನ್ನ ನಾಡಿರ್ ಮಾಡಿಬಿಟ್ಟ, ಅಂದರೆ ಪಾತಾಳ. ಮೊದಲು 1996ರ ಜನವರಿ ಸಂಚಿಕೆಯಲ್ಲಿ ಬಂತು. ಮರುವರ್ಷ ಇನ್ನಷ್ಟು ಉದ್ದವಾಗಿ 'ಎ ಸಪೋಸೆಡ್ಲಿ ಫನ್ ಥಿಂಗ್ ಐ ವಿಲ್ ನೆವರ್ ಡೂ ಅಗೇನ್' ಅನ್ನೋ ಹೆಸರಲ್ಲಿ ಪುಸ್ತಕದೊಳಗೆ ಸೇರಿತು. ಮಜಾ ಅಂತ ಹೇಳ್ತಾರೆ, ನಾನಂತೂ ಮತ್ತೆ ಮಾಡಲ್ಲ ಅನ್ನೋ ಧಾಟಿ. ಪುಟದ ಕೆಳಗೆ ಅಡಿಟಿಪ್ಪಣಿಗಳ ಸಾಲು, ಕೆಲವು ಟಿಪ್ಪಣಿಗಳೇ ಒಂದೊಂದು ಸಣ್ಣ ಪ್ರಬಂಧ.

ಅವನ ವಾದವನ್ನ ನನ್ನ ಮಾತಲ್ಲಿ ಹೇಳ್ತೀನಿ. ಕ್ರೂಸ್ ಕಂಪನಿ ಮಾರೋದು ಸಮುದ್ರವನ್ನಲ್ಲ, ಊಟವನ್ನಲ್ಲ. ನೀನು ಏನೂ ಮಾಡಬೇಕಾಗಿಲ್ಲ ಅನ್ನೋ ಭರವಸೆಯನ್ನ. ನಿನಗೇನು ಬೇಕು ಅಂತ ನಿನಗಿಂತ ಮುಂಚೆ ನಮಗೆ ಗೊತ್ತು ಅನ್ನೋ ಭರವಸೆಯನ್ನ. ಈ ಮುದ್ದು ಮನುಷ್ಯನೊಳಗಿನ ಕೂಸನ್ನ ಎಬ್ಬಿಸುತ್ತೆ. ಆ ಕೂಸಿಗೆ ಎಷ್ಟು ಕೊಟ್ಟರೂ ಸಾಲದು. ಎರಡನೇ ದಿನ ಸ್ವರ್ಗ ಅನ್ನಿಸಿದ್ದು ಐದನೇ ದಿನ ಕೊರತೆ ಅನ್ನಿಸುತ್ತೆ. ಅದರ ತಳದಲ್ಲಿ ಒಂದು ಹತಾಶೆ ಕೂತಿದೆ.

ಇದರಲ್ಲಿ ಸುಳ್ಳೇನೂ ಇಲ್ಲ. ನಾನೇ ಸಾಕ್ಷಿ. ಗ್ಯಾಲ್ವೆಸ್ಟನ್ ಬಂದರಲ್ಲಿ ಹತ್ತಿದ ದಿನ ಐಸ್‌ಕ್ರೀಮ್ ಯಂತ್ರ ನೋಡಿ ಬಾಯಿ ಬಿಟ್ಟ ನನ್ನ ಆರು ವರ್ಷದ ಮಗಳು, ಐದನೇ ದಿನ "ಮ್ಯಾಂಗೋ ಫ್ಲೇವರ್ ಯಾಕಿಲ್ಲ?" ಅಂತ ಕಾಲು ನೆಲಕ್ಕೆ ಬಡಿದಳು. ಮಗು, ಬಿಡಿ. ಲಿಫ್ಟ್ ಎರಡು ನಿಮಿಷ ತಡ ಆಯ್ತು ಅಂತ ಸಿಡುಕಿದ್ದು ನಾನು. ನಮ್ಮೂರಲ್ಲಿ ಬಸ್ಸಿಗಾಗಿ ಅರಳಿಕಟ್ಟೆ ಮೇಲೆ ಎರಡು ಗಂಟೆ ಕೂತು ಬೆಳೆದವನು.

ವ್ಯಾಲೇಸ್ ದುಡಿಯೋ ಜನರನ್ನ ನೋಡಿಲ್ಲ ಅಂತ ಹೇಳಿದರೆ ಅನ್ಯಾಯ. ಅವನ ಕ್ಯಾಬಿನ್ ಸ್ವಚ್ಛ ಮಾಡೋ ಪೆಟ್ರಾ ಇದಾಳೆ. ಅವನು ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದರೆ ಸಾಕು, ರೂಮು ಥಳಥಳ ಅಂತಿರುತ್ತೆ. ಅವಳಿಗೆ ಹೇಗೆ ಗೊತ್ತಾಗುತ್ತೆ ಅಂತ ಪತ್ತೆ ಹಚ್ಚೋಕೆ ಅವನು ಪಡೋ ಪಾಡು ಪ್ರಬಂಧದಲ್ಲೇ ಅತ್ಯಂತ ತಮಾಷೆಯ ಭಾಗ. ಇನ್ನೊಂದು ಕಡೆ, ತನ್ನ ಬ್ಯಾಗನ್ನ ತಾನೇ ಹೊತ್ಕೊಂಡು ಹೋಗ್ತಾನೆ. ಅದರಿಂದ ಲೆಬನಾನಿನ ಕೂಲಿಯಾಳೊಬ್ಬ ಮೇಲಿನವರಿಂದ ಬೈಸಿಕೊಳ್ತಾನೆ. ಪ್ರಯಾಣಿಕ ಬ್ಯಾಗ್ ಹೊರಬಾರದು, ಅದು ನಿಯಮ. ಆದರೆ ಎರಡೂ ಪ್ರಸಂಗ ಕೊನೆಗೆ ಹೋಗಿ ನಿಲ್ಲೋದು ವ್ಯಾಲೇಸ್‌ನ ಮುಜುಗರದ ಹತ್ತಿರ. ಬೈಸಿಕೊಂಡವನು ಕಥೆಯಿಂದ ಇಳಿದು ಹೋಗ್ತಾನೆ, ಬೈಸಿದವನ ಸಂಕಟ ಉಳಿಯುತ್ತೆ.

ಪೆಟ್ರಾ ಬಗ್ಗೆ ಹೇಳ್ತಾ ಅವನು ತಾಯಿಯ ಹೋಲಿಕೆಗೆ ಬರ್ತಾನೆ. ತಾಯಿ ಮಾಡಿಕೊಟ್ಟ ಹಾಗೆ, ಆದರೆ ತಾಯಿಗೆ ಮಾಡಿಸ್ತಿದೀನಲ್ಲ ಅನ್ನೋ ಪಾಪಪ್ರಜ್ಞೆ ಇಲ್ಲದೆ. ಮೊದಲ ಸಲ ಓದಿದಾಗ ಈ ಜಾಗದಲ್ಲಿ ಜೋರಾಗಿ ನಕ್ಕಿದ್ದೆ. ಹಡಗಿನಲ್ಲಿ ಅದೇ ಜಾಗ ಮುಳ್ಳಿನ ಹಾಗೆ ಚುಚ್ಚಿತು. ಯಾಕೆ ಅಂದರೆ ವ್ಯಾಲೇಸ್ ಒಬ್ಬನೇ ಹೋಗಿದ್ದ. ಅವನಿಗೆ ಹಡಗೇ ತಾಯಿ ಆಯ್ತು. ಆದರೆ ತಾಯಿಯೇ ಹಡಗು ಹತ್ತಿದರೆ?

ಅವ್ವ ಎರಡನೇ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹಾಸಿಗೆ ಸರಿ ಮಾಡಿ, ಟವೆಲ್ ಮಡಚಿ, ಬಚ್ಚಲು ಒರೆಸಿ ಇಟ್ಟಿದ್ದಳು. ಕ್ಯಾಬಿನ್ ನೋಡಿಕೊಳ್ತಿದ್ದ ಫಿಲಿಪೀನ್ಸ್ ಹುಡುಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಮೂರನೇ ದಿನವೂ ಅದೇ. ಸಂಜೆ ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: ದಯವಿಟ್ಟು ಅಮ್ಮನಿಗೆ ಬೇಡ ಅನ್ನಿ, ಸೂಪರ್‌ವೈಸರ್ ನೋಡಿದರೆ ನಾನು ಕೆಲಸ ಮಾಡ್ತಿಲ್ಲ ಅನ್ಕೋತಾರೆ. ವ್ಯಾಲೇಸ್‌ನ ಲೆಬನಾನಿ ಕೂಲಿಯ ಕಥೆಯೇ ನಮ್ಮ ಕ್ಯಾಬಿನ್‌ಗೆ ಬಂದಿತ್ತು. ಅವ್ವನಿಗೆ ಹೇಳಿದೆ. ಅವಳು ಮುಖ ಸಣ್ಣ ಮಾಡಿ, "ಗಂಡುಹುಡುಗ ಕಣಪ್ಪ, ಅವನ ಕೈಲಿ ನನ್ನ ಹಾಸ್ಗೆ ಎತ್ತಿಸ್ಲಾ?" ಅಂದಳು. ಆಮೇಲೆ, "ಅವನ ಹೊಟ್ಟೆ ಮ್ಯಾಲೆ ಹೊಡಿಯದಾದ್ರೆ ಬ್ಯಾಡ ಬುಡು" ಅಂತ ಸುಮ್ಮನಾದಳು. ನಾಲ್ಕನೇ ದಿನ ಆ ಹುಡುಗ ಟವೆಲ್ಲಿನಲ್ಲಿ ಒಂದು ಆನೆ ಮಾಡಿ ಅವ್ವನ ಹಾಸಿಗೆ ಮೇಲೆ ಕೂರಿಸಿದ್ದ. ಅವ್ವ ಅದನ್ನ ಕೊನೆಯವರೆಗೂ ಬಿಚ್ಚೋಕೆ ಬಿಡಲಿಲ್ಲ.

ಆವತ್ತು ರಾತ್ರಿ ಊಟದ ಹಾಲ್‌ನಲ್ಲಿ ಇನ್ನೊಂದು ಆಯ್ತು. ನಮ್ಮ ಮೇಜಿಗೆ ಬಡಿಸ್ತಿದ್ದವನು ಉಡುಪಿ ಕಡೆಯವನು. ನಮ್ಮ ಮಾತು ಕಿವಿಗೆ ಬಿದ್ದು, "ಓ, ನೀವು ಕನ್ನಡದವರಾ?" ಅಂತ ಮುಖ ಅರಳಿಸಿದ್ದ. "ಅನ್ನ ಉಂಟಮ್ಮಾ, ಸಾರು ಒಳಗೆ ಹೇಳಿ ಮಾಡಿಸ್ತೇನೆ, ನೀವು ಕೂತ್ಕೊಳ್ಳಿ" ಅಂದ. ಬಿಸಿ ಅನ್ನ, ಟೊಮ್ಯಾಟೊ ಸಾರಿನ ಹಾಗೇ ಇದ್ದ ಒಂದು ಸಾರು ಬಂತು. ಅವ್ವ ಕೂತು ಉಂಡಳು. ಮೊದಲ ತುತ್ತಿಂದ ಕೊನೆ ತುತ್ತಿನವರೆಗೆ, ನಮ್ಮ ಜೊತೆಗೇ, ಒಂದು ಸಲವೂ ಎದ್ದೇಳದೆ.

ನನಗೆ ಊಟ ಇಳಿಯಲಿಲ್ಲ. ಮೂವತ್ತಾರು ವರ್ಷದಲ್ಲಿ ಅವ್ವ ಹೀಗೆ ಉಂಡದ್ದನ್ನ ನಾನು ನೋಡಿದ ನೆನಪೇ ಇಲ್ಲ. ಗದ್ದೆಯಿಂದ ಬಂದವರಿಗೆ, ಆಲೆಮನೆಯಲ್ಲಿ ರಾತ್ರಿ ಬೆಲ್ಲ ಕಾಯಿಸಿ ಬಂದವರಿಗೆ, ಬಿ.ಇ. ಪರೀಕ್ಷೆಗೆ ಓದ್ತಾ ಕೂತ ನನಗೆ, ಎಲ್ಲರಿಗೂ ಬಡಿಸಿ, ಕೊನೆಗೆ ಒಲೆ ಮುಂದೆ ಕೂತು ತಣ್ಣಗಾದ ಮುದ್ದೆ ನುಂಗಿದವಳು. ಡಾಲಸ್‌ಗೆ ಬಂದ ಮೇಲೂ ಸ್ಟವ್ ಹತ್ತಿರ ನಿಂತೇ ಉಣ್ತಿದ್ದಳು. "ಕೂತ್ಕೊ ಅವ್ವ" ಅಂತ ಬಾಯಲ್ಲಿ ಹೇಳ್ತಿದ್ದೆ. ಎದ್ದು ಹೋಗಿ ಸೌಟು ಕೈಗೆ ತಗೊಂಡವನಲ್ಲ. ನನ್ನ ತಾಯಿಯನ್ನ ಊಟಕ್ಕೆ ಕೂರಿಸೋಕೆ ಒಂದು ಹಡಗು ಬೇಕಾಯ್ತು.

ವ್ಯಾಲೇಸ್‌ನ ಪ್ರಬಂಧ ಮುರಿದುಬೀಳೋದು ಇಲ್ಲಿ. ಮುದ್ದು ಮನುಷ್ಯನನ್ನ ಕೂಸಾಗಿಸುತ್ತೆ ಅನ್ನೋದು ಮೊದಲೇ ಮುದ್ದು ಕಂಡವರ ಮಾತು. ಅವನ 'ಮನುಷ್ಯ' ಅಂದರೆ ಯಾರೋ ಬಡಿಸಿದ್ದನ್ನ ಉಂಡು ಬೆಳೆದವನು. ನಾನೂ ಆ ಪೈಕಿಯೇ, ಹಳ್ಳಿಯ ಗಂಡುಮಗನಾಗಿದ್ದಕ್ಕೆ. ಅವ್ವ ಏಳು ದಿನದಲ್ಲಿ ಕೂಸಾಗಲಿಲ್ಲ. ಬೇರೆ ಎಲ್ಲರ ಹಾಗೆ ಕೂತು ಉಣ್ಣೋ ಒಬ್ಬ ಮನುಷ್ಯಳಾದಳು, ಅಷ್ಟೆ. ಅದರ ತಳದಲ್ಲಿ ಯಾವ ಹತಾಶೆಯೂ ನನಗೆ ಕಾಣಲಿಲ್ಲ. ಕಂಡಿದ್ದು ನನ್ನ ಬಾಕಿ ಲೆಕ್ಕ.

ಹಾಗಂತ ಹಡಗಿನ ಪರ ವಕಾಲತ್ತು ಹಾಕೋಕೂ ನನ್ನ ಕೈಲಿ ಆಗಲ್ಲ. ಅದನ್ನೂ ತಪ್ಪಿಸಿದ್ದು ಅವ್ವನೇ. ಮರುದಿನ ಆ ಉಡುಪಿ ಹುಡುಗನನ್ನ ಕೇಳಿದಳು, "ನಿಮ್ಮವ್ವಂಗೆ ಯಾರಪ್ಪ ಬಡಿಸ್ತಾರೆ?" ಅವನು ನಕ್ಕ. "ಅಮ್ಮ ಒಬ್ಬರೇ ಇರೋದು. ಅವರೇ ಬಡಿಸ್ಕೊಳ್ತಾರೆ." ಎಂಟು ತಿಂಗಳ ಕಾಂಟ್ರ್ಯಾಕ್ಟ್, ವಾರದ ರಜೆ ಅನ್ನೋದು ಇಲ್ಲ. ಹಡಗಿನ ಕಾರ್ಮಿಕರಿಗಾಗಿ 2006ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯ್ತು, 2013ರಲ್ಲಿ ಜಾರಿಗೆ ಬಂತು. ಅದು ಹಾಕೋ ಗರಿಷ್ಠ ಮಿತಿಯೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನೋ ಮಾತು ಬಂದಾಗ ನಾವು ಐಟಿಯವರು ಎಷ್ಟು ಮೀಮ್ ಮಾಡಿ ಹಂಚಿದ್ವಿ! ಹಡಗು ಹೊರಡೋದು ಅಮೆರಿಕದಿಂದ, ಟಿಕೆಟ್ ಕೊಳ್ಳೋರು ಅಮೆರಿಕದಲ್ಲಿ ಇರೋರು. ಆದರೆ ಇಂಥ ಹಡಗುಗಳ ಬಾಲದಲ್ಲಿ ಹಾರಾಡೋದು ಹೆಚ್ಚಾಗಿ ಬಹಾಮಾಸ್‌ದೋ ಪನಾಮಾದ್ದೋ ಬಾವುಟ. ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಆ ಬಾವುಟದ ಕೆಳಗೆ ನಡೆಯೋದಿಲ್ಲ. ನನ್ನವ್ವ ಕೂತು ಉಂಡದ್ದು ಇನ್ನೊಬ್ಬ ಅವ್ವನ ಮಗ ಎಂಟು ತಿಂಗಳು ನಿಂತಿದ್ದರಿಂದ.

ಇಷ್ಟಕ್ಕೆ ಎರಡನೇ ಪುಸ್ತಕ ನೆನಪಾಗಲೇಬೇಕು. ಜಮೈಕಾ ಕಿಂಕೇಡ್ ಬರೆದ 'ಎ ಸ್ಮಾಲ್ ಪ್ಲೇಸ್', 1988ರದ್ದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಹೆಸರಲ್ಲಿ ಜಮೈಕಾ ಇದ್ದರೂ ಆಕೆ ಹುಟ್ಟಿದ್ದು ಆಂಟಿಗಾದಲ್ಲಿ. ಪುಸ್ತಕದ ಶುರುವಿನಲ್ಲೇ ಪ್ರವಾಸಿಗನನ್ನ 'ನೀನು' ಅಂತ ಎದುರಿಗೆ ನಿಲ್ಲಿಸಿ ಜಾಡಿಸ್ತಾಳೆ. ನೀನು ಈಜೋ ನೀರಿಗೆ ನಿನ್ನದೇ ಕೊಳಚೆ ಬಂದು ಸೇರಿರಬಹುದು. ಇಲ್ಲಿಯ ತಾಜಾ ಊಟ ಅಂದುಕೊಂಡು ತಿನ್ನೋದು ಮಯಾಮಿಯಿಂದ ವಿಮಾನದಲ್ಲಿ ಬಂದದ್ದು. 1974ರ ಭೂಕಂಪದಲ್ಲಿ ಹಾಳಾದ ಲೈಬ್ರರಿ ವರ್ಷಗಟ್ಟಲೆ ಆದರೂ ರಿಪೇರಿ ಆಗಿಲ್ಲ. ವ್ಯಾಲೇಸ್ ಹಡಗಿನೊಳಗಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಈಕೆ ದಡದಲ್ಲಿ ನಿಂತು ಬಂದಿಳಿದವರನ್ನ ನೋಡಿದಳು.

ನಮ್ಮ ಹಡಗು ಆಂಟಿಗಾಗೆ ಹೋಗಲಿಲ್ಲ. ಹೋದ ಮೂರು ಕಡೆಗಳಲ್ಲಿ ಕೊಸುಮೆಲ್, ಗ್ರ್ಯಾಂಡ್ ಕೇಮನ್ ಎರಡೂ ಬೀಚು, ಫೋಟೋ ಅಷ್ಟೆ. ಮೂರನೆಯದು ಜಮೈಕಾ ದೇಶದ ಫಾಲ್ಮತ್. 18ನೇ ಶತಮಾನದ ಕೊನೆಯಲ್ಲಿ ಸಕ್ಕರೆ ಮತ್ತು ರಮ್ ಸಾಗಿಸಿ ಮೆರೆದ ಬಂದರು. ಕಬ್ಬು ಕಡಿದವರು ಆಫ್ರಿಕಾದಿಂದ ತಂದ ಗುಲಾಮರು. 1838ರಲ್ಲಿ ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. 1845ರಿಂದ ಜಮೈಕಾದ ಕಬ್ಬಿನ ತೋಟಗಳಿಗೆ ನಮ್ಮ ದೇಶದ ಕೂಲಿಗಳನ್ನ ಕರಾರು ಬರೆಸಿಕೊಂಡು ಹಡಗಿನಲ್ಲೇ ತಂದರು. 2011ರಲ್ಲಿ ಶುರುವಾದ ಕ್ರೂಸ್ ಕಟ್ಟೆಯಲ್ಲಿ ಮೊದಲು ಸಿಗೋದು ಒಡವೆ ಅಂಗಡಿ, ಟೀಶರ್ಟ್ ಅಂಗಡಿ. ಗೇಟು ದಾಟಿದರೆ ಊರು.

ಅಪ್ಪ ಕಬ್ಬು ಬೆಳೆದವನು. ಗೇಟು ದಾಟಲೇಬೇಕು ಅಂತ ಹಟ ಹಿಡಿದ. ಹೊರಗೆ ಒಬ್ಬ ಎಳನೀರು ಕೊಚ್ಚುತ್ತಿದ್ದ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಅವನ ಮಚ್ಚಿನ ಏಟು ನೋಡ್ತಾ ನಿಂತ. ಮದ್ದೂರಿನ ಎಳನೀರು ಮಾರುಕಟ್ಟೆ ಕಂಡವನಿಗೆ ಅದೊಂದು ನೆಂಟಸ್ತಿಕೆ. "ನಮ್ಮಂಗೇ ಮೂರು ಏಟ್ಗೆ ಬಾಯ್ ಬುಡಿಸ್ತಾನೆ ನೋಡ್ಲಾ" ಅಂದ. ಐದು ಡಾಲರ್ ಅಂದಾಗ ಲೆಕ್ಕ ಹಾಕಿ ಬೆಚ್ಚಿದ. ಕುಡಿದ. ವಾಪಸ್ ಬರುವಾಗ ಕೇಳಿದ, "ಹಡಗು ಬರ್ದಿದ್ ದಿನ ಇವ್ನೇನ್ ಮಾಡ್ತಾನ್ಲಾ?" ಒಂದೇ ಕಾರ್ಖಾನೆಯನ್ನ ನಂಬಿ ಕಬ್ಬು ಹಾಕಿ, ಕಾರ್ಖಾನೆ ನಿಂತ ವರ್ಷ ಗದ್ದೆಯಲ್ಲೇ ಕಬ್ಬು ಒಣಗಿದ್ದನ್ನ ಕಂಡವನ ಪ್ರಶ್ನೆ ಅದು. ವ್ಯಾಲೇಸ್‌ನ ಅಷ್ಟೂ ಅಡಿಟಿಪ್ಪಣಿಗಳಲ್ಲಿ ಅದಕ್ಕೆ ಜಾಗ ಇಲ್ಲ. ಕಿಂಕೇಡ್ ಕೈಗೆ ಸಿಕ್ಕಿದ್ದರೆ ಬಿಡ್ತಿರಲಿಲ್ಲ.

ಕಿಂಕೇಡ್ ಬೈಯೋ 'ನೀನು' ಯುರೋಪಿನವನು ಅಥವಾ ಉತ್ತರ ಅಮೆರಿಕದವನು. ಬಿಳಿಯ ಅಂತ ನೇರವಾಗೇ ಹೇಳ್ತಾಳೆ. ಹಾಗಾದರೆ ಕತ್ತಿಗೆ ಹಡಗಿನ ಕಾರ್ಡ್ ನೇತು ಹಾಕಿಕೊಂಡ ನಾವು ಕಂದು ಜನ ಯಾರು? ಮೈಬಣ್ಣ ನೋಡಿಕೊಂಡು ನುಣುಚಿಕೊಳ್ಳೋ ಆಸೆ ನನಗೂ ಬಂತು. ಆದರೆ ಎಳನೀರಿನವನಿಗೆ ನಮ್ಮ ಡಾಲರ್ ಯಾವ ಬಣ್ಣದ ಕೈಯಿಂದ ಬಂತು ಅನ್ನೋದು ಮುಖ್ಯ ಆಗಿರಲಿಲ್ಲ. ಅವನ ಪಾಲಿಗೆ ನಾವು ಹಡಗಿನವರೇ.

ಇಷ್ಟು ಸಿಟ್ಟಿನ ಪುಸ್ತಕದಲ್ಲೇ ಕಿಂಕೇಡ್ ಒಂದು ಮಾತು ಹೇಳ್ತಾಳೆ. ಅದರ ಸಾರ ಇಷ್ಟು: ಎಲ್ಲ ಊರಿನವರೂ ಒಂದಲ್ಲ ಒಂದು ದಿನ ಪ್ರವಾಸಿಗರಾಗಬಹುದಾದವರು. ದಿನನಿತ್ಯದ ಜಂಜಾಟದಿಂದ ಬಿಡುವು ಎಲ್ಲರಿಗೂ ಬೇಕು. ಆದರೆ ಹೆಚ್ಚಿನವರು ಬಡವರು, ಎಲ್ಲಿಗೂ ಹೋಗಲಾರರು. ಇದನ್ನ ಓದಿದಾಗ ಅವ್ವ ಕಂಡಳು. ಹೋಗಲಾರದವರ ಪೈಕಿ ಹೇಗೋ ಹೋಗಿಬಂದ ಒಬ್ಬಳು. ವ್ಯಾಲೇಸ್‌ನ ನಗುವಿನಲ್ಲಿ ಅವ್ವನಿಗೆ ಕುರ್ಚಿ ಇರಲಿಲ್ಲ, ಕಿಂಕೇಡ್‌ಳ ಸಿಟ್ಟಿನಲ್ಲಿ ಇದೆ. ಎಳನೀರಿನವನಿಗೂ, ಉಡುಪಿ ಹುಡುಗನ ಅಮ್ಮನಿಗೂ ಇದೆ. ಸಿಟ್ಟಿನ ಪುಸ್ತಕವೇ ಹೆಚ್ಚು ಅಂತಃಕರಣದ್ದು ಅನ್ನೋ ತೀರ್ಮಾನಕ್ಕೆ ನಾನು ಬಂದಿದ್ದು ಹೀಗೆ.

ಕೊನೆಯ ರಾತ್ರಿ ಬಿಲ್ಲಿನಲ್ಲಿ ಟಿಪ್ಸ್ ತಾನಾಗೇ ಸೇರಿ ಬಂತು, ತಲೆಗಿಷ್ಟು ದಿನಕ್ಕಿಷ್ಟು ಅಂತ. ಅದರ ಮೇಲೆ ಒಂದಿಷ್ಟು ಕವರಿನಲ್ಲಿ ಹಾಕಿ ಇಬ್ಬರಿಗೂ ಕೊಟ್ಟೆ. ಕೊಟ್ಟಾಗ ಹಗುರ ಅನ್ನಿಸಿತು. ಇಷ್ಟು ಸುಲಭಕ್ಕೆ ಹಗುರ ಆದದ್ದೂ ಸಂಶಯದ ವಿಷಯವೇ.

ನೀವೂ ಅಪ್ಪ ಅಮ್ಮನನ್ನ ಕರಕೊಂಡು ಹೋಗೋ ಯೋಚನೆಯಲ್ಲಿದ್ದರೆ ಬೇಡ ಅನ್ನಲ್ಲ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಸಲೀಸಾದ ಪ್ರವಾಸ ಇಲ್ಲ. ವ್ಯಾಲೇಸ್‌ನನ್ನ ಹತ್ತೋ ಮುಂಚೆ ಓದಿ, ಚೆನ್ನಾಗಿ ನಗ್ತೀರಿ. ಕಿಂಕೇಡ್‌ಳನ್ನ ಇಳಿದ ಮೇಲೆ ಓದಿ.

ಡಾಲಸ್‌ಗೆ ಬಂದ ಭಾನುವಾರ ನಾನು ಮುದ್ದೆ ಕಟ್ಟೋಕೆ ನಿಂತೆ. ಗಂಟು ಗಂಟಾಗಿತ್ತು. ಅವ್ವನನ್ನ ಕೂರಿಸಿ ತಟ್ಟೆ ಮುಂದಿಟ್ಟೆ. ಕುರ್ಚಿಯ ಅಂಚಿನಲ್ಲಿ ಕೂತಳು, ಎರಡು ತುತ್ತು ನುಂಗಿದಳು. ಅಷ್ಟರಲ್ಲಿ ಅಪ್ಪ ನೀರು ಕೇಳಿದ. ಅವ್ವ ಎದ್ದಳು. ಅವಳಿಗಿಂತ ಮುಂಚೆ ಏಳೋದನ್ನ ನಾನಿನ್ನೂ ಕಲೀತಾ ಇದೀನಿ.