ನೂರಕ್ಕೆ ಹತ್ತು

ನೆಟ್‌ಫ್ಲಿಕ್ಸ್‌ನಲ್ಲಿ ನಾವು ‘ಕಾಲ್ ಮೈ ಏಜೆಂಟ್’ ಅಂತ ನೋಡಿದ ಫ್ರೆಂಚ್ ಸೀರೀಸಿನ ಮೂಲ ಹೆಸರು ‘ದಿ ಪೂರ್ ಸಾಂ’. ಅಂದ್ರೆ ನೂರಕ್ಕೆ ಹತ್ತು. ನಟರ ಏಜೆಂಟ್ ತಗೊಳ್ಳೋ ಕಮಿಷನ್. ನಟನಿಗೆ ದುಡ್ಡು ಬಂದ್ರೆ ಏಜೆಂಟಿಗೂ ಬಂತು, ಇಲ್ಲಾಂದ್ರೆ ಇಬ್ಬರಿಗೂ ಸೊನ್ನೆ. ಇಂಗ್ಲಿಷಿನವರು ಈ ಹೆಸರನ್ನೇ ಕೈಬಿಟ್ಟರಲ್ಲ ಅಂತ ನಂಗೆ ಬೇಜಾರು.

2015ರಲ್ಲಿ ಶುರುವಾಗಿ ನಾಲ್ಕು ಸೀಸನ್ ಓಡಿದ ಇದರ ಯೋಚನೆ ಹುಟ್ಟಿದ್ದು ಸ್ವತಃ ಏಜೆಂಟ್ ಆಗಿದ್ದ ದೊಮಿನಿಕ್ ಬೆನೆಆರ್ ಅವರಿಗೆ. ಅದಕ್ಕೇ ಇರಬೇಕು, ಇಲ್ಲಿನ ಏಜೆಂಟರು ದೇವರೂ ಅಲ್ಲ, ಖಳರೂ ಅಲ್ಲ. ಮೊದಲ ಕಂತಲ್ಲೇ ನಟಿ ಸೆಸಿಲ್ ದ ಫ್ರಾನ್ಸ್‌ಗೆ ವಯಸ್ಸಾಯ್ತು ಅಂತ ಹಾಲಿವುಡ್ ಪಾತ್ರ ಕೈತಪ್ಪೋ ಹಾಗಾಗುತ್ತೆ. ನಿಜ ಹೇಳೋಕೆ ಅವಳ ಏಜೆಂಟ್ ಗೇಬ್ರಿಯಲ್‌ಗೆ ಬಾಯೇ ಬರಲ್ಲ. ಹೇಡಿ, ಸರಿ. ಆದ್ರೆ ಅವಳ ಪರ್ಸಿಗೆ ಕೈ ಹಾಕಿದವನಲ್ಲ.

ನನ್ನ ತಕರಾರು ಸೋಫಿಯಾ ವಿಷಯದಲ್ಲಿ. ಅವಕಾಶಕ್ಕೆ ಕಾಯುತ್ತಿರುವ ಹೊಸ ನಟಿ ಅವಳು. ಆದ್ರೆ ಅದೇ ಆಫೀಸಿನ ರಿಸೆಪ್ಷನಿಸ್ಟ್! ಗೇಬ್ರಿಯಲ್ಲೇ ಮುಂದೆ ಅವಳ ಏಜೆಂಟೂ ಪ್ರೇಮಿಯೂ ಆಗ್ತಾನೆ. ಬಾಗಿಲ ಹೊರಗೆ ನಿಂತವರ ಪಾಡೇನು?

ಬೆಂಗಳೂರಲ್ಲಿ ನಾನು ಹಾಗೇ ನಿಂತಿದ್ದವಳು. ಒಂದು ಆಫೀಸಲ್ಲಿ “ಬಿಸ್ಕತ್ ಆ್ಯಡ್‌ಗೆ ಹೇಳಿ ಮಾಡಿಸಿದ ಮುಖ ಮೇಡಂ” ಅಂದ್ರು. ರಿಜಿಸ್ಟ್ರೇಷನ್ 3,000, ಪೋರ್ಟ್‌ಫೋಲಿಯೊ 15,000, ಫೋಟೊ ಅವರ ಸ್ಟುಡಿಯೋದಲ್ಲೇ ಆಗಬೇಕು. ಕೊಟ್ಟೆ. ಫೋಟೊ ಚೆನ್ನಾಗೇ ಬಂತು, ಅಮ್ಮ ಒಂದಕ್ಕೆ ಕಟ್ಟು ಹಾಕಿಸಿದಾರೆ. ಬಿಸ್ಕತ್ತಿನವರು ಮಾತ್ರ ಫೋನ್ ಮಾಡಲಿಲ್ಲ. ಮಾಡಲಿ ಅನ್ನೋ ದರ್ದು ಆ ಆಫೀಸಿಗೂ ಇರಲಿಲ್ಲ. ನಾನು ದುಡ್ಡು ಎಣಿಸಿದ ದಿನವೇ ಅವರ ವ್ಯಾಪಾರ ಮುಗಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಕೊಡಿಸ್ತೀವಿ ಅಂತ ನಟರಿಂದ ಹೀಗೆ ಮುಂಗಡ ತಗೊಳ್ಳೋದೇ ಅಪರಾಧ, 2010ರಿಂದ ಕಾನೂನಿದೆ.

2021ರಲ್ಲಿ ಇದರ ಹಿಂದಿ ಅವತಾರ ಬಂದಾಗ, ನಮ್ಮೂರಿನ ಈ ದಂಧೆ ಒಂದು ಕಂತಲ್ಲಾದ್ರೂ ಬರುತ್ತೆ ಅಂತ ಕಾದೆ. ಅಲ್ಲೂ ಸ್ಟಾರ್‌ಗಳ ಮೆರವಣಿಗೆಯೇ.

ಆಮೇಲೆ ಒಬ್ಬ ಕೋಆರ್ಡಿನೇಟರ್ ಸಿಕ್ಕರು. ಮೊಬೈಲಲ್ಲಿ ತೆಗೆದ ನಾಲ್ಕು ಫೋಟೊ, ಒಂದು ನಿಮಿಷದ ಪರಿಚಯದ ವಿಡಿಯೊ ಸಾಕು ಅಂದ್ರು. ತಾವು ಕೆಲಸ ಕೊಡಿಸಿದ ಇಬ್ಬರ ನಂಬರ್ ಕೊಟ್ಟು, “ಮೊದ್ಲು ಅವ್ರನ್ನ ಕೇಳಿ, ಆಮೇಲೆ ಬನ್ನಿ” ಅಂದ್ರು. ಪ್ರೆಶರ್ ಕುಕ್ಕರ್ ಜಾಹೀರಾತಲ್ಲಿ ನಾಲ್ಕು ಸೆಕೆಂಡ್ ಅತ್ತಿಗೆಯಾದೆ. ಪೇಮೆಂಟ್ ಬರೋಕೆ ಮೂರು ತಿಂಗಳಾಯ್ತು. ಅಲ್ಲಿವರೆಗೆ ನನ್ನ ಜೊತೆ ಅವರೂ ಕಾದ್ರು. ಬಂದ ಮೇಲೆ ನೂರಕ್ಕೆ ಇಪ್ಪತ್ತು ಮುರ್ಕೊಂಡ್ರು.