ಕೂಟಲೇಖ ಮತ್ತು ಕೂಟಶಾಸನ: ನಮ್ಮ ಚರಿತ್ರೆಯ ಗ್ರಂಥಗಳ ಒಂದು ಪರಾಮರ್ಶೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಎರಡು ವ್ಯಾಪಾರಸ್ಥರಾದ ಶ್ರಾವಕರಿಗೆ ವಿಶೇಷವಾಗಿ ಸಂಬಂಧಿಸಿದವು. ಒಂದು ಕೂಟಲೇಖಕ್ರಿಯೆ, ಎಂದರೆ ಇಲ್ಲದುದನ್ನು ಇದ್ದಂತೆ ಬರೆದಿಡುವುದು. ಇನ್ನೊಂದು ನ್ಯಾಸಾಪಹಾರ. ನಂಬಿ ಒಡವೆಯನ್ನು ಇಟ್ಟುಹೋದವನು ಮರೆತು ಕಡಮೆ ಕೇಳಿದರೆ, ಕೇಳಿದಷ್ಟನ್ನೇ ಕೊಟ್ಟು ಮಿಕ್ಕುದನ್ನು ತಾನೇ ಇರಿಸಿಕೊಳ್ಳುವುದು. ಅಂಗಡಿಯ ವಹಿಗಳನ್ನು ಬರೆಯುವಾಗ ಈ ಎರಡು ದೋಷಗಳಿಗೂ ನಾವು ಅಂಜುತ್ತೇವೆ. ಆದರೆ ನಮ್ಮ ಸಮಾಜದ ಚರಿತ್ರೆಯನ್ನು ಬರೆಯುವಾಗ, ಓದುವಾಗ, ಪಂಚಕಲ್ಯಾಣ ಮಹೋತ್ಸವದ ಸ್ಮರಣಸಂಚಿಕೆಯನ್ನು ಅಚ್ಚಿಗೆ ಕೊಡುವಾಗ ಅದೇ ಅಂಜಿಕೆ ಇರುತ್ತದೆಯೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲವು ವಿದ್ವತ್‌ಗ್ರಂಥಗಳನ್ನು ಇಲ್ಲಿ ಪರಾಮರ್ಶಿಸಲಾಗಿದೆ.

ಕಪಿಲಾ ಕಾವೇರಿಗಳ ನಡುವಣ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆ ಗಂಗರ ನಾಡು. ಅವರ ರಾಜಧಾನಿಯಾಗಿದ್ದ ತಲಕಾಡು ಈ ಸೀಮೆಯಲ್ಲಿಯೇ ಇದೆ. ಇಲ್ಲಿನ ಚರಿತ್ರೆಗೆ ಮೂಲದ ವಹಿ ಎಂದು ಕರೆಯಬಹುದಾದ ಗ್ರಂಥ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ. 1894ರಲ್ಲಿ ಪ್ರಕಟವಾದ ಈ ಸಂಪುಟದಲ್ಲಿ ನಮ್ಮ ಎರಡು ತಾಲ್ಲೂಕುಗಳ ಶಿಲಾಶಾಸನ ತಾಮ್ರಶಾಸನಗಳು ಕ್ರಮಸಂಖ್ಯೆಯೊಂದಿಗೆ ದಾಖಲಾಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಇವನ್ನು ಪರಿಷ್ಕರಿಸಿ, ನಂಜನಗೂಡಿನ ಶಾಸನಗಳನ್ನು 1974ರ ಮೂರನೆಯ ಸಂಪುಟದಲ್ಲಿಯೂ ನರಸೀಪುರದ ಶಾಸನಗಳನ್ನು 1976ರ ಐದನೆಯ ಸಂಪುಟದಲ್ಲಿಯೂ ಹೊರತಂದಿತು.

ಈ ಮಾಲೆಯ ಹಿರಿಮೆ ಏನೆಂಬುದಕ್ಕೆ ಶ್ರವಣಬೆಳಗೊಳದ ಲೆಕ್ಕವೊಂದೇ ಸಾಕು. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶಾಸನಗಳು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಆವೃತ್ತಿಯಲ್ಲಿ ಅವು 573 ಆದವು. ಬೆಟ್ಟವೂ ಅದೇ, ಬಂಡೆಗಳೂ ಅವೇ. ಹಿಂದಿನವರು ಬರೆದುದನ್ನು ಕಡೆಯ ಮಾತೆಂದು ತಿಳಿಯದೆ ಮತ್ತೆ ಹೋಗಿ ನೋಡಿದವರಿಂದ ಈ ವೃದ್ಧಿ ಆಯಿತು. ವಿದ್ವತ್ತಿಗೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಶಾಸನವನ್ನು ಓದುವುದು ಒಂದು ಕಾರ್ಯ. ಅದರಿಂದ ಚರಿತ್ರೆಯನ್ನು ಕಟ್ಟುವುದು ಮತ್ತೊಂದು. ಎರಡನೆಯದರಲ್ಲಿ ವಿದ್ವಾಂಸರಲ್ಲಿಯೂ ಮತಭೇದವಿದೆ. ಗಂಗರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ಕಾರಣರೆಂಬ ಮಾತನ್ನು ತೆಗೆದುಕೊಳ್ಳೋಣ. ನಮ್ಮ ಸಮಾಜದಲ್ಲಿ ಇದನ್ನು ಅರಿಯದವರಿಲ್ಲ. ರೈಸ್ ಅವರು ಇದನ್ನು ಒಪ್ಪಿದರು. 1938ರಲ್ಲಿ ‘ಮೀಡೀವಲ್ ಜೈನಿಸಂ’ ಎಂಬ ಗ್ರಂಥವನ್ನು ಬರೆದ ಬಿ. ಎ. ಸಾಲೆತೊರೆಯವರೂ ಒಪ್ಪಿದರು. ಹಾಗಾದರೆ ಆಧಾರವೇನು? ಗಂಗರ ಆಳ್ವಿಕೆ ಆರಂಭವಾದುದು ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಕೊಂಗುಣಿವರ್ಮನಿಗೆ ಸಿಂಹನಂದಿಗಳ ಅನುಗ್ರಹ ದೊರೆಯಿತೆಂದು ಹೇಳುವ ಮಾರಸಿಂಹನ ಕೂಡ್ಲೂರು ತಾಮ್ರಶಾಸನದ ಕಾಲ ಕ್ರಿ. ಶ. 963. ದಡಿಗ ಮಾಧವರ ಕಥೆಯನ್ನು ವಿಸ್ತಾರವಾಗಿ ಹೇಳುವ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಿಲಾಶಾಸನದ ಕಾಲ 1121. ಎಂದರೆ ಘಟನೆಗೂ ಅದರ ವಿಸ್ತಾರವಾದ ಬರಹಕ್ಕೂ ನಡುವೆ ಏಳು ಶತಮಾನಗಳಿಗಿಂತ ಹೆಚ್ಚಿನ ಅಂತರವಿದೆ.

ಇದರಿಂದ ಸಿಂಹನಂದಿಗಳ ಕಥೆ ಸುಳ್ಳೆಂದು ಸಿದ್ಧವಾಗುವುದಿಲ್ಲ. ಹತ್ತನೆಯ ಶತಮಾನದ ಗಂಗ ಅರಸರು ತಮ್ಮ ವಂಶದ ಅಭ್ಯುದಯಕ್ಕೆ ಜೈನಾಚಾರ್ಯರೊಬ್ಬರು ಕಾರಣರೆಂದು ನಂಬಿದ್ದರು, ಆ ನಂಬಿಕೆಯನ್ನು ತಾಮ್ರದ ಹಲಗೆಯಲ್ಲಿ ಕೆತ್ತಿಸಿದರು ಎಂಬುದು ಮಾತ್ರ ನಿಶ್ಚಿತವಾಗಿ ಸಿದ್ಧವಾಗುತ್ತದೆ. ಇದೇನು ಸಣ್ಣ ಮಾತಲ್ಲ. ಆದರೆ ನಾಲ್ಕನೆಯ ಶತಮಾನದ ಖಾತೆಗೆ ಹತ್ತನೆಯ ಶತಮಾನದ ಓಚರನ್ನು ಲಗತ್ತಿಸಿ ಲೆಕ್ಕ ಸರಿಯಾಯಿತೆಂದರೆ ಯಾವ ಲೆಕ್ಕ ಪರಿಶೋಧಕನೂ ರುಜು ಹಾಕಲಾರ. ಸಾಲೆತೊರೆಯವರ ಗ್ರಂಥದ ವ್ಯಾಪ್ತಿ ದೊಡ್ಡದು. ಜೈನಧರ್ಮವನ್ನು ರಾಜ್ಯಕರ್ತೃಗಳ, ದಂಡನಾಯಕರ, ಸ್ತ್ರೀಯರ, ವರ್ತಕರ ಆಶ್ರಯದಲ್ಲಿಟ್ಟು ನೋಡಿದ ಅವರ ಶ್ರಮಕ್ಕೆ ನಾವು ಋಣಿಗಳು. ಆದರೂ ಅಲ್ಲಲ್ಲಿ ಅವರು ನ್ಯಾಯಾಧೀಶನ ಪೀಠವನ್ನು ಬಿಟ್ಟು ವಕೀಲನ ಸ್ಥಾನದಲ್ಲಿ ನಿಲ್ಲುತ್ತಾರೆ. ಆ ವಕೀಲರು ನಮ್ಮ ಪಕ್ಷದವರಾದ್ದರಿಂದ ನಮಗೆ ಅದು ಕಾಣುವುದಿಲ್ಲ.

ಇದಕ್ಕೆ ಎದುರಾದ ದೃಷ್ಟಿ ಜೆ. ಎಫ್. ಫ್ಲೀಟ್ ಅವರದು. ಗಂಗರ ಅನೇಕ ತಾಮ್ರಶಾಸನಗಳನ್ನು ಅವರು ಕೂಟಶಾಸನಗಳೆಂದು ಸಂಶಯಪಟ್ಟರು. ರೈಸ್ ಅವರೊಡನೆ ದೀರ್ಘಕಾಲ ವಾದಿಸಿದರು. ಅವರ ಸಂಶಯ ಅತಿಯಾಯಿತೆಂಬ ಅಭಿಪ್ರಾಯ ಮುಂದೆ ಬಲವಾಯಿತು. ಹಾಗಿದ್ದರೂ ಅವರು ಎತ್ತಿದ ಪ್ರಶ್ನೆ ವ್ಯರ್ಥವಾಗಲಿಲ್ಲ. ಲಿಪಿಯ ರೂಪವೇನು, ಭಾಷೆ ಆ ಕಾಲದ್ದೆ, ತಿಥಿವಾರಗಳು ಕೂಡುತ್ತವೆಯೆ ಎಂದು ಪರೀಕ್ಷಿಸದೆ ತಾಮ್ರಪಟವನ್ನು ಒಪ್ಪಬಾರದೆಂಬ ಶಿಸ್ತು ಆ ವಾದದಿಂದ ಗಟ್ಟಿಯಾಯಿತು. ಶಾಸನತಜ್ಞರ ‘ಕೂಟಶಾಸನ’ವೂ ಸೂತ್ರಕಾರರ ‘ಕೂಟಲೇಖ’ವೂ ಒಂದೇ ದೋಷದ ಎರಡು ಹೆಸರುಗಳು. ಸಂಶಯಪಟ್ಟವನು ಧರ್ಮದ್ರೋಹಿಯಲ್ಲ, ಅವನು ವ್ರತದ ಕಾವಲುಗಾರ.

ಹೆಮ್ಮೆಯಂತೆ ಹಗೆಯೂ ಆಧಾರವನ್ನು ಮೀರುತ್ತದೆ. ಹೊಯ್ಸಳ ವಿಷ್ಣುವರ್ಧನನು ಮತಾಂತರಗೊಂಡ ಮೇಲೆ ಬಸದಿಗಳನ್ನು ನಾಶಪಡಿಸಿದನೆಂಬ ಕಥೆ ಬಹುಕಾಲದಿಂದ ನಡೆದುಬಂದಿದೆ. ಈಗಲೂ ಕೆಲವು ಸಂಚಿಕೆಗಳಲ್ಲಿ ಅಚ್ಚಾಗುತ್ತದೆ. ಶಾಸನಗಳು ಬೇರೆಯದನ್ನು ಹೇಳುತ್ತವೆ. ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ತಲಕಾಡಿನಲ್ಲಿ ಕೀರ್ತಿನಾರಾಯಣನ ಪ್ರತಿಷ್ಠೆಯಾದುದು 1117ರಲ್ಲಿ; ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದವನು ಇದೇ ಗಂಗರಾಜ. ಪಟ್ಟದರಸಿ ಶಾಂತಲದೇವಿ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿದಳು. ಗಂಗರಾಜನ ಮಗ ಬೊಪ್ಪನು 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥನನ್ನು ಪ್ರತಿಷ್ಠಾಪಿಸಿದಾಗ ಅರಸನು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ತನ್ನ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ಮತಗಳ ನಡುವೆ ಘರ್ಷಣೆಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಬುಕ್ಕರಾಯನು 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಸಂಧಾನ ಮಾಡಿಸಬೇಕಾಯಿತು. ಆ ಶಾಸನ ಬೆಳಗೊಳದಲ್ಲಿದೆ. ಆದರೆ ನಡೆದ ಘರ್ಷಣೆಯನ್ನು ನಡೆದ ಕಾಲದಲ್ಲಿ ಹೇಳಬೇಕು. ನಡೆಯದ ಕಾಲಕ್ಕೆ ಜಮಾ ಮಾಡಬಾರದು. ಒಬ್ಬ ಅರಸನ ಮೇಲೆ ಆಧಾರವಿಲ್ಲದ ಅಪವಾದವನ್ನು ಹೊರಿಸಿ, ಅದನ್ನು ಮಕ್ಕಳಿಗೆ ಕಲಿಸಿ, ನೆರೆಯವರ ಮೇಲೆ ಕಷಾಯವನ್ನು ಬೆಳೆಸಿದರೆ ಅದು ಸತ್ಯವ್ರತಕ್ಕೂ ಭಂಗ, ಅಹಿಂಸಾವ್ರತಕ್ಕೂ ಭಂಗ.

ಈ ದೃಷ್ಟಿಯಿಂದ ಎರಡು ಪ್ರಯತ್ನಗಳು ವಿಶೇಷವಾಗಿ ಮೆಚ್ಚತಕ್ಕವು. ಪಿ. ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮದ ಗ್ರಂಥದಲ್ಲಿ ತಮ್ಮ ನಿರ್ಣಯಗಳೊಂದಿಗೆ ಶಾಸನಗಳ ಮೂಲಪಾಠವನ್ನೂ ಕೊಟ್ಟರು. ಓದುಗನು ಲೇಖಕನ ಮಾತನ್ನು ಸಾಕ್ಷ್ಯದೊಡನೆ ತಾಳೆ ನೋಡಬಹುದು. ಷ. ಶೆಟ್ಟರ್ ಅವರು ಹೊರತಂದ ಎರಡು ಗ್ರಂಥಗಳಲ್ಲಿ ಸಲ್ಲೇಖನವನ್ನು ಸ್ತುತಿಸಲೂ ಇಲ್ಲ, ಹಳಿಯಲೂ ಇಲ್ಲ. ಬೆಳಗೊಳದ ನಿಸಿದಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾರು, ಯಾವ ಕಾಲದಲ್ಲಿ, ಯಾವ ವಿಧಿಯಿಂದ ದೇಹವನ್ನು ಬಿಟ್ಟರೆಂದು ವಿಂಗಡಿಸಿದರು. ನಮ್ಮ ಧರ್ಮದ ಅತ್ಯಂತ ಗಂಭೀರವಾದ ವ್ರತವನ್ನು ಹೊರಗಿನ ಜನ ಆಕ್ಷೇಪಿಸಿದಾಗ ಉಪಯೋಗಕ್ಕೆ ಬಂದುದು ಸ್ತುತಿಯ ಪುಸ್ತಕಗಳಲ್ಲ, ಇಂಥ ನಿಷ್ಪಕ್ಷಪಾತವಾದ ಪುಸ್ತಕಗಳು.

ಈ ಗ್ರಂಥಗಳಲ್ಲಿ ಕೊರತೆಯೂ ಇದೆ. ಬಹುಪಾಲು ಇಂಗ್ಲಿಷಿನಲ್ಲಿವೆ, ಹಳೆಯ ಸಂಪುಟಗಳು ಅಂಗಡಿಯಲ್ಲಿ ದೊರೆಯುವುದು ದುರ್ಲಭ. ಅರಸರ, ಆಚಾರ್ಯರ ವಂಶಾವಳಿಗೆ ದೊರೆತ ಗಮನ ಎಣ್ಣೆಗೆ, ಹೂವಿಗೆ, ನಂದಾದೀಪಕ್ಕೆ ದತ್ತಿಬಿಟ್ಟ ಸೆಟ್ಟಿಗಳಿಗೂ ಗೃಹಿಣಿಯರಿಗೂ ದೊರೆತಿಲ್ಲ. ಅರಸರು ಅಳಿದ ಮೇಲೂ ಬಸದಿಗಳನ್ನು ಉಳಿಸಿದವರು ಈ ಸಾಮಾನ್ಯ ಶ್ರಾವಕರು. ಅವರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ.

ಇನ್ನು ನ್ಯಾಸಾಪಹಾರದ ವಿಷಯ. ದತ್ತಿ ಕೊಟ್ಟವನು ಶಾಸನವನ್ನು ಬಸದಿಯ ವಶಕ್ಕೆ ಬಿಟ್ಟುಹೋಗಿದ್ದಾನೆ. ಅವನು ಮತ್ತೆ ಬಂದು ಕೇಳುವವನಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಆ ಕಲ್ಲಿನ ಮೇಲೆ ಸಿಮೆಂಟು ಮೆತ್ತಿದರೆ, ಬಣ್ಣ ಬಳಿದರೆ, ಮರಳೆರಚಿ ಉಜ್ಜಿದರೆ, ನೆಲಕ್ಕೆ ಟೈಲ್ಸ್ ಹಾಸುವಾಗ ಒಡೆದು ಹೊರಗೆಸೆದರೆ, ನಂಬಿ ಇಟ್ಟ ಒಡವೆಯನ್ನು ಕಳೆದಂತೆ ಆಗುವುದಿಲ್ಲವೆ? ತಾಂಡ್ಯದಂಥ ಕಡೆ ಹೊಲಗಳು ಕೈಗಾರಿಕಾ ನಿವೇಶನಗಳಾಗಿವೆ. ಈ ಸೀಮೆಯಲ್ಲಿ ಪಾಯ ತೋಡುವಾಗ ಬರಹವಿರುವ ಕಲ್ಲು ಕಂಡರೆ ಅದನ್ನು ಕದಲಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಎಲ್ಲರ ಕರ್ತವ್ಯ.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಮೂರು ವಿಜ್ಞಾಪನೆಗಳಿವೆ. ತಮ್ಮ ತಾಲ್ಲೂಕಿನ ಶಾಸನ ಸಂಪುಟದ ಪ್ರತಿಯೊಂದನ್ನು ಸ್ವಾಧ್ಯಾಯಶಾಲೆಯಲ್ಲಿ ಇರಿಸಬೇಕು. ಸ್ಮರಣಸಂಚಿಕೆಯಲ್ಲಿ ಅಚ್ಚುಮಾಡುವ ಪ್ರತಿಯೊಂದು ಚಾರಿತ್ರಿಕ ವಿಷಯಕ್ಕೂ ಶಾಸನದ ಸಂಖ್ಯೆಯನ್ನಾಗಲಿ ಗ್ರಂಥದ ಪುಟವನ್ನಾಗಲಿ ಕಾಣಿಸಬೇಕು. ಆಧಾರವಿಲ್ಲದುದನ್ನು ಐತಿಹ್ಯವೆಂದು ಸ್ಪಷ್ಟವಾಗಿ ಹೇಳಬೇಕು. ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಎಲ್ಲ ಬರಹಗಳ ಛಾಯಾಚಿತ್ರವನ್ನೂ ಅಚ್ಚನ್ನೂ ತಜ್ಞರಿಂದ ತೆಗೆಸಬೇಕು. ಮಹೋತ್ಸವದ ಒಂದು ದಿನದ ಚಪ್ಪರದ ವೆಚ್ಚದಲ್ಲಿ ಇವು ಮೂರೂ ನೆರವೇರುತ್ತವೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಸಿಂಹನಂದಿ ಆಚಾರ್ಯರ ಮಹಿಮೆ ಕುಂದುವುದಿಲ್ಲ. ನಮ್ಮ ಮಾತಿನ ಬೆಲೆ ಹೆಚ್ಚುತ್ತದೆ.